ಮರಳಿನ ಗುಂಡಿಗೆ ಮೊದಲು ಕೊಟ್ಟವರು

ಮಗಳ ಕಾಲುನೋವು ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದಾಗ ನಾನು ತಡವರಿಸದೆ "ದೀಪಾವಳಿ ಆದ ಮೇಲೆ" ಎಂದೆ. ಪಕ್ಕದಲ್ಲಿ ಕುಳಿತಿದ್ದ ಅವಳು, "ಇಲ್ಲಮ್ಮ, ದಸರಾ ರಜೆಗಿಂತ ಮೊದ್ಲೇ" ಎಂದಳು. ಮನೆಗೆ ಬಂದವಳೇ ದಿನಚರಿ ತೆಗೆದು ನೋಡಿದೆ. ದಸರಾ ಹೊತ್ತಿನ ಪುಟಗಳಲ್ಲಿ ಉತ್ತರ ಪತ್ರಿಕೆ, ಗ್ಯಾಸ್ ಸಿಲಿಂಡರು, ಅತ್ತೆಯ ಸಕ್ಕರೆ ಕಾಯಿಲೆ ಎಲ್ಲ ಇದ್ದವು. ಅವಳ ಕಾಲು ಇರಲಿಲ್ಲ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಬರೆದಿಟ್ಟ ಆಧಾರ ಸಿಗಲಿಲ್ಲವೆಂದ ಮಾತ್ರಕ್ಕೆ ಅದು ನಡೆಯಲೇ ಇಲ್ಲ ಎನ್ನಬೇಡಿ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಅವತ್ತು ಆ ಮಾತು ನನಗೇ ಚುಚ್ಚಿತು. ಈ ಬರಹವನ್ನೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಅವಳು ನಮ್ಮ ಕಾಲೇಜಿನಲ್ಲೇ ಪದವಿ ಓದುತ್ತಾಳೆ, ಟ್ರಿಪಲ್ ಜಂಪ್ ಮಾಡುತ್ತಾಳೆ. ಓಡಿ ಬಂದು ಹಲಗೆ ಮೆಟ್ಟಿ, ಅದೇ ಕಾಲಿನ ಮೇಲೆ ಒಮ್ಮೆ ಇಳಿದು, ಇನ್ನೊಂದು ಕಾಲಿಗೆ ದಾಟಿ, ಆಮೇಲೆ ಮರಳಿಗೆ ಹಾರುವ ಆಟ ಅದು. ಕೊನೆಯದು ಮರಳಿನ ಮೇಲೆ. ಮೊದಲ ಎರಡೂ ನೆಲದ ಮೇಲೆ. ನಮ್ಮ ಕಾಲೇಜಿನ ನೆಲ ಎಂದರೆ ಎರೆ ಮಣ್ಣು. ಮಳೆಗಾಲದಲ್ಲಿ ಚಪ್ಪಲಿಯನ್ನು ಹಿಡಿದುಕೊಂಡು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ. ಮರಳಿನ ಗುಂಡಿಯಲ್ಲಿ ಮರಳಿಗಿಂತ ಮಣ್ಣೇ ಹೆಚ್ಚು. ಸಂಜೆ ಅವಳು ಬಿದ್ದಾಗ ಬರುತ್ತಿದ್ದ ಸದ್ದು, ಮಹಡಿಯ ಮೇಲಿನ ನಮ್ಮ ಸ್ಟಾಫ್ ರೂಮಿನವರೆಗೂ ಕೇಳಿಸುತ್ತಿತ್ತು. ಗೋಧಿ ಚೀಲ ಎತ್ತಿ ಹಾಕಿದ ಹಾಗೆ.

ಎಡ ಮೊಣಕಾಲ ಕೆಳಗಿನ ಮೂಳೆಯಲ್ಲಿ ಬಿರುಕು ಬೀಳುವ ಲಕ್ಷಣ ಇದೆ ಎಂದರು ಡಾಕ್ಟರು. "ಕೆಲವು ದಿನ ವಿಶ್ರಾಂತಿ. ಆಮೇಲೆ ಬೇಕಾದರೆ ಜಿಗೀಲಿ. ಆದರೆ ಅದೇ ನೆಲದ ಮೇಲೆ ಜಿಗಿದರೆ ಮುರ್ಕೊಂಡೇ ಬರ್ತಾಳೆ."

ಅದೇ ತಿಂಗಳು ಆಡಳಿತ ಮಂಡಳಿಯ ಸಭೆಯಲ್ಲಿ ಮೈದಾನದ ಮಾತು ಬಂತು. ಹಿಂದಿನ ಅರ್ಧ ಮೈದಾನದಲ್ಲಿ ಕಾಲೇಜು ಬಸ್ಸುಗಳಿಗೆ ಶೆಡ್ಡು ಹಾಕಬೇಕು ಎಂದು ಕೆಲವರು, ಹುಡುಗರು ಅಭ್ಯಾಸ ಎಲ್ಲಿ ಮಾಡಬೇಕು ಎಂದು ಕೆಲವರು. ಕೊನೆಗೆ ಊರಿನವರು ಅರ್ಧ ಹಣ ಕೊಟ್ಟರೆ ಮಂಡಳಿ ಉಳಿದರ್ಧ ಹಾಕಿ ರಬ್ಬರ್ ಹಾಸಿನ ಓಟದ ಪಟ್ಟಿ, ಹೊಸ ಗುಂಡಿ, ಚಕ್ರ ಎಸೆಯುವವರಿಗೆ ಬಲೆಯ ಪಂಜರ ಎಲ್ಲ ಮಾಡಿಸುವುದು, ಬೇಸಿಗೆ ರಜೆಯೊಳಗೆ ಆಗದಿದ್ದರೆ ಶೆಡ್ಡು ಎಂದು ತೀರ್ಮಾನವಾಯಿತು. ಹಣ ಎತ್ತುವ ಸಮಿತಿಯಲ್ಲಿ ದೈಹಿಕ ಶಿಕ್ಷಣದ ನಿರ್ದೇಶಕರು ಇದ್ದೇ ಇದ್ದರು. ನಾವೆಲ್ಲ ಅವರನ್ನು ಪಿ.ಡಿ. ಸರ್ ಎನ್ನುತ್ತೇವೆ. ಜೊತೆಗೆ ನನ್ನನ್ನೂ ಹಾಕಿದರು. "ನಿಮ್ಮ ಮನಿ ಮಂದಿ ಬಜಾರದಾಗ ಅದಾರಲ್ರಿ ಮೇಡಂ" ಎಂದರು ಪ್ರಿನ್ಸಿಪಾಲರು.

ನನ್ನ ಮಗಳ ಕಾಲಿನ ವಿಷಯ ಆಗ ಹೇಳಬೇಕಿತ್ತೇ? ಹೇಳಲಿಲ್ಲ. ಆ ಮೈದಾನದಲ್ಲಿ ಓಡುವ ಮಕ್ಕಳು ಬೇಕಾದಷ್ಟು ಜನ ಇದ್ದಾರೆ, ನಾನು ಅವರೆಲ್ಲರ ಪರವಾಗಿ ಒಪ್ಪಿದೆ ಎಂದು ಆ ರಾತ್ರಿ ದಿನಚರಿಯಲ್ಲಿ ಬರೆದಿದ್ದೇನೆ. ಅಕ್ಷರ ತುಂಬಾ ದುಂಡಗಿವೆ. ನಾನು ನನಗೇ ಏನನ್ನಾದರೂ ಒಪ್ಪಿಸಲು ಹೊರಟಾಗ ಅಕ್ಷರ ದುಂಡಗಾಗುತ್ತವೆ.

ಹಣ ಕೇಳುವುದು ಎಂದರೆ ನನಗೆ ಆಗದು. ಹಾಗಾಗಿ ಸುಲಭದ ಮನೆಯಿಂದ ಶುರು ಮಾಡಿದೆ. ನನ್ನ ಗಂಡನ ದೊಡ್ಡಪ್ಪ, ನನಗೆ ದೊಡ್ಡಮಾವ, ಹಳೇ ಪೇಟೆಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಇಟ್ಟವರು. ನನ್ನ ಗಂಡ ವಿಮೆ ಕಚೇರಿ ಸೇರಿ ವ್ಯಾಪಾರದಿಂದ ದೂರ ಆದದ್ದು ಅವರಿಗೆ ಇವತ್ತಿಗೂ ಬೇಸರ. ನನ್ನ ಮೇಲೆ ಮಾತ್ರ ಪ್ರೀತಿ. ಆ ಬೀದಿಯ ಅಂಗಡಿಯವರಿಗೆಲ್ಲ ಅವರೇ ಹಿರಿಯರು. ಯಾರದಾದರೂ ಮಗಳ ಮದುವೆ ಮಾತುಕತೆ ಇರಲಿ, ಪಾಲುದಾರರ ಜಗಳ ಇರಲಿ, ಅವರ ಗಾದಿಯ ಮುಂದೆಯೇ ಮುಗಿಯುತ್ತದೆ.

ಪಿ.ಡಿ. ಸರ್‌ಗೆ ಹೇಳದೆ ನಾನೊಬ್ಬಳೇ ಹೋದೆ. ದೊಡ್ಡಮಾವ ಜೋಳದ ಮಾದರಿಯನ್ನು ಅಂಗೈಯಲ್ಲಿ ಉರುಳಿಸಿ ನೋಡುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು.

"ಬಾರವ್ವ, ಕೂಡು. ಮೇಷ್ಟ್ರಮ್ಮ ಅಂಗಡಿಗೆ ಬಂದಾಳೆ ಅಂದ್ರೆ ಸಾಲಿ ಮುಚ್ಚಿದ್ರೇನು?"

ಬಂದ ಕಾರಣ ಹೇಳಿದೆ. "ವಿದ್ಯಾರ್ಥಿಗಳು" ಎಂಬ ಪದವನ್ನು ಅತಿಯಾಗಿ ಬಳಸಿದೆನೆಂದು ನೆನಪು. ಅವರು ಎಲ್ಲ ಕೇಳಿಸಿಕೊಂಡು, ಜೋಳವನ್ನು ಕಾಗದದ ಪೊಟ್ಟಣಕ್ಕೆ ಸುರಿದು, "ಒಳ್ಳೇ ಕೆಲ್ಸ, ಮಾಡ್ರಿ" ಎಂದರು. ಅಲ್ಲೇ, ನನ್ನ ಕೈಗೇ ಹಣ ಕೊಟ್ಟರು. ಅವರು ಶಾಲೆಗೂ ಅಷ್ಟೇ, ಗುಡಿಗೂ ಅಷ್ಟೇ, ಯಾರದೋ ಆಪರೇಷನ್ನಿಗೂ ಅಷ್ಟೇ ಕೊಡುವವರು, ಒಂದೇ ಅಳತೆ. ಮೈದಾನದ ಲೆಕ್ಕಕ್ಕೆ ಅದು ದೊಡ್ಡ ಮೊತ್ತವೇನಲ್ಲ. ಆದರೆ ಮೊದಲ ಮನೆಯಲ್ಲೇ ಇಲ್ಲ ಎನ್ನಿಸಿಕೊಳ್ಳಲಿಲ್ಲವಲ್ಲ ಎಂದು ನನಗೆ ಉಸಿರು ಬಂದ ಹಾಗಾಯಿತು. "ಒಂದೇ ಮಾತಿಗೆ ಕೊಟ್ಟರು" ಎಂದು ಬರೆದುಕೊಂಡೆ.

ಮರುದಿನದಿಂದ ಪಿ.ಡಿ. ಸರ್ ಜೊತೆ ಬಜಾರ ಸುತ್ತಲು ಶುರು. ಬಟ್ಟೆ ಅಂಗಡಿಯವರು ಕೂರಿಸಿ ಚಹಾ ಕೊಟ್ಟರು, ಮೈದಾನದ ಬಗ್ಗೆ ನಮಗಿಂತ ಹೆಚ್ಚು ಮಾತಾಡಿದರು, ತಾವು ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದ ಕಥೆ ಹೇಳಿದರು. ಆಮೇಲೆ ಕೇಳಿದರು, "ಹಿರೇರು ಏನು ಕೊಟ್ಟಾರ್ರಿ?"

ಹೇಳಿದೆ. ಅವರ ಮುಖ ಒಂದು ಕ್ಷಣ ಸಪ್ಪಗಾಯಿತು. "ಹಂಗಾ" ಎಂದು, ಅದಕ್ಕಿಂತ ಚೂರು ಕಡಿಮೆ ಕೊಟ್ಟರು.

ಪಕ್ಕದ ಪಾತ್ರೆ ಅಂಗಡಿಯಲ್ಲೂ ಅದೇ ಪ್ರಶ್ನೆ, ಅದೇ ಚೂರು ಕಡಿಮೆ. ಎಣ್ಣೆ ಅಂಗಡಿಯಲ್ಲೂ ಹಾಗೆಯೇ. ಇಡೀ ಬೀದಿಯಲ್ಲಿ ಒಬ್ಬರೂ ಇಲ್ಲ ಎನ್ನಲಿಲ್ಲ. ಒಬ್ಬರೂ ಆ ಗೆರೆ ದಾಟಲೂ ಇಲ್ಲ.

"ಎಲ್ಲರೂ ಫೋನ್ ಮಾಡಿ ಮಾತಾಡ್ಕೊಂಡಾರೇನ್ರಿ ಮೇಡಂ?" ಎಂದರು ಪಿ.ಡಿ. ಸರ್, ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಕುಸಿದು. "ಮಗಳ ಮದುವಿಗೆ ರಸ್ತೆ ತುಂಬ ಪೆಂಡಾಲ್ ಹಾಕ್ತಾರೆ, ಮೈದಾನಕ್ಕೆ ಅಂದ್ರೆ ಕೈ ನಡುಗ್ತಾವ."

ನಾನು ಮೆಣಸಿನಕಾಯಿ ಬಜ್ಜಿ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ, ತಿನ್ನಲಾಗಲಿಲ್ಲ. ಹೀಗೇ ಆದರೆ ಗುಂಡಿಯ ಮರಳಿಗೂ ಸಾಲದು. ಅಷ್ಟರಲ್ಲಿ ಮಗಳ ವಿಶ್ರಾಂತಿಯ ದಿನಗಳು ಮುಗಿಯುತ್ತವೆ, ಅವಳು ಅದೇ ನೆಲಕ್ಕೆ ಇಳಿಯುತ್ತಾಳೆ. ಬೇಡ ಎಂದರೆ ಕೇಳುವವಳಲ್ಲ. ಹಿಂದಿನ ದಿನವೇ ಅವಳ ಬೂಟಿನ ತಳದಲ್ಲಿ ಕರಿ ಮಣ್ಣು ಕಂಡಿದ್ದೆ. "ಬರೀ ಹೆಜ್ಜೆ ಗುರುತು ಹಾಕಾಕೆ ಹೋಗಿದ್ದೆ, ಜಿಗಿಲಿಲ್ಲ" ಎಂದಳು. ನಂಬಿದೆನೋ, ನಂಬಬೇಕು ಎಂದುಕೊಂಡೆನೋ.

ನಮಗೆ ಉಳಿದಿದ್ದ ಒಂದೇ ಭರವಸೆ ಹರಿಹರ. ಪಿ.ಡಿ. ಸರ್ ಅವರ ಹಳೆಯ ಶಿಷ್ಯನೊಬ್ಬ ಭಾನುವಳ್ಳಿ ರಸ್ತೆಯಲ್ಲಿ ಅಕ್ಕಿ ಗಿರಣಿ ನಡೆಸುತ್ತಾನೆ. ಒಂದು ಕಾಲದಲ್ಲಿ ಉದ್ದ ಜಿಗಿತದಲ್ಲಿ ಹೆಸರು ಮಾಡಿದವನು. "ಸರ್, ಓಟದ ಪಟ್ಟಿ ಪೂರ್ತಿ ನಂದು" ಎಂದು ಮೊದಲೇ ಫೋನಿನಲ್ಲಿ ಹೇಳಿದ್ದನಂತೆ. ಬಸ್ಸಿನಲ್ಲಿ ಹೋದೆವು. ಅವನು ಗೇಟಿನವರೆಗೆ ಬಂದು ಗುರುವಿನ ಕಾಲಿಗೆ ಎರಗಿದ. ಹೊಟ್ಟೆ ಅಡ್ಡ ಬಂದು ಅರ್ಧಕ್ಕೇ ನಿಂತ.

"ಏನೋ, ಗುಂಡಿ ದಾಟ್ತಿದ್ದೋನು ಗುಂಡಿ ತುಂಬೋ ಹಂಗ ಆಗೀಯಲ್ಲೋ" ಎಂದರು ಸರ್. ಅವನು ನಕ್ಕ. ಆದರೆ ಹಣದ ಮಾತು ಬಂದಾಗ ಅವನೂ ಕಣ್ಣು ತಪ್ಪಿಸಿ, ಬಜಾರದವರು ಕೊಟ್ಟಷ್ಟನ್ನೇ ಕೊಡುತ್ತೇನೆ ಎಂದ. ಸರ್ ಅವರ ಮುಖ ನೋಡಲಾಗಲಿಲ್ಲ. ಅವರು ಹೊರಡಲು ಎದ್ದರು.

ಆಗ ಒಳಗಿನ ಕೋಣೆಯಿಂದ ಅವನ ತಾಯಿ ಬಂದರು. ಗಿರಣಿ ನಿಜವಾಗಿ ನಡೆಸುವವರು ಅವರೇ ಎಂದು ಆಮೇಲೆ ಗೊತ್ತಾಯಿತು. ಸೆರಗಿನ ಮೇಲೆ ಹೊಟ್ಟಿನ ಧೂಳು. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು.

"ಯಾವೂರ್ನೋರವ್ವಾ ನೀನು?"

"ಇಲ್ಲೇ, ಭಾನುವಳ್ಳಿ. ದಾವಣಗೆರೆಗೆ ಕೊಟ್ಟಾರೆ."

"ಅದಕ್ಕೆ ಮತ್ತೆ!" ಎಂದು ಜೋರಾಗಿ ನಕ್ಕರು. "ಹೊಲದ ಮಂದಿ. ಕಣದಾಗ ಕೊಡೋರು, ಕಣದಾಗ ಇಸ್ಕೊಳ್ಳೋರು. ಬಜಾರದಾಗ ಹಂಗಲ್ಲ ಕಣವ್ವ. ಹಿರೇರ ಹತ್ರ ಮೊದಲು ಹೋಗ್ಬೇಕು, ಕಾಯಿ ಕೊಟ್ಟು ಕೈ ಮುಗ್ದು ಅಪ್ಪಣಿ ತಗೋಬೇಕು. ರೊಕ್ಕ ಇಸ್ಕೋಬಾರ್ದು. ರೊಕ್ಕ ಕೊನೀಗೆ. ನೀನು ಮೊದ್ಲೇ ಇಸ್ಕೊಂಡು ಬಂದೀ. ಈಗ ಉಳಿದೋರು ಏನ್ಮಾಡ್ಬೇಕು? ಅವರಿಗಿಂತ ಹೆಚ್ಚು ಕೊಟ್ಟು ಅವರ ತಲಿ ಮ್ಯಾಲೆ ಕೂಡ್ಬೇಕಾ?"

ಮಗ ತಲೆ ತಗ್ಗಿಸಿದ. "ಪಟ್ಟಿ ಕೊಡ್ತೀನಿ ಅಂದಿದ್ದು ಖರೇನೆ ಸರ್. ಆದ್ರೆ ನಮ್ಮ ಅಕ್ಕಿ ಅವರ ಬೀದ್ಯಾಗೇ ಮಾರೋದು. ನಾಳಿಗೆ ಅವರ ಅಂಗಡಿ ಮುಂದ ಹೆಂಗ ಹಾಯ್ಲಿ?"

ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ನಮ್ಮೂರಿನಲ್ಲಿ ರಾಶಿ ಆದ ದಿನ ಯಾರು ಕಣಕ್ಕೆ ಬಂದರೂ ಅಪ್ಪ ಮೊರ ತುಂಬಿ ಕೊಡುತ್ತಿದ್ದರು. "ಆಮೇಲೆ ಬಾ" ಎಂದರೆ ನಮ್ಮಲ್ಲಿ ಇಲ್ಲ ಎಂದೇ ಅರ್ಥ. ಆ ಯೋಚನೆಯಲ್ಲಿದ್ದಾಗ ಒಂದು ಮಾತು ನೆನಪಾಯಿತು. ದೊಡ್ಡಮಾವ ಅವತ್ತು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿದ್ದರು. "ಈಗ ಕೊಡ್ಲೋ, ಆಮ್ಯಾಲೆ ಕೊಡ್ಲೋ?" ಸಾಗಹಾಕುತ್ತಿದ್ದಾರೆ ಎಂದು ಹೆದರಿ ನಾನು ತಕ್ಷಣ, "ಈಗ್ಲೇ ಕೊಟ್ಬಿಡ್ರಿ ಮಾವಾರೆ" ಎಂದಿದ್ದೆ. ಅವರು ನನ್ನ ಮುಖ ಒಮ್ಮೆ ನೋಡಿ ಜೇಬಿಗೆ ಕೈ ಹಾಕಿದ್ದರು.

ದಿನಚರಿಯಲ್ಲಿ ಇದು ಇಲ್ಲ. ಗಿರಣಿಯ ಅಮ್ಮ ವಿವರಿಸಿದ ಮೇಲೆ ನನ್ನ ಮನಸ್ಸೇ ಆ ಪ್ರಶ್ನೆಯನ್ನು ಕಟ್ಟಿತೋ? ಅವರ ಧ್ವನಿ, ಪೊಟ್ಟಣ ಮಡಚಿದ ಸದ್ದು, ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇಷ್ಟು ಸ್ಪಷ್ಟವಾಗಿ ಇರುವುದೇ ನನಗೆ ಅನುಮಾನ.

ಸರಸ್ವತಿ ನಗರದ ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡರು.

"ಇನ್ನಷ್ಟು ಕೊಡ್ರಿ ಅನ್ನಾಕೆ ಬರಂಗಿಲ್ಲ. ಅವಮಾನ."

"ಹಾಗಾದ್ರೆ ವಾಪಸ್ ಕೊಟ್ಟು, ಕೊನೀಗೆ ಕೊಡ್ರಿ ಅನ್ಲಾ?"

"ವಾಪಸ್ ಕೊಟ್ಟು ನೋಡು. ನಮ್ಮ ಮದುವ್ಯಾಗ ಉಡುಗೊರೆ ಕೊಟ್ಟ ಮಿಕ್ಸಿನೂ ವಾಪಸ್ ಕೇಳ್ತಾರೆ."

ನಕ್ಕೆವು. ಒಳಗೆ ಮಗಳು ಕಾಲಿಗೆ ಐಸ್ ಚೀಲ ಕಟ್ಟಿಕೊಂಡು ಫೋನಿನಲ್ಲಿ ಯಾರದೋ ಜಿಗಿತದ ವಿಡಿಯೋ ನೋಡುತ್ತಿದ್ದಳು. ಅದೇ ಮೂರು ಹೆಜ್ಜೆ, ಮತ್ತೆ ಮತ್ತೆ. ನನ್ನ ನಗು ಅಲ್ಲಿಗೇ ನಿಂತಿತು.

ಆಮೇಲಿನ ವಾರ ಹೇಗೆ ಕಳೆಯಿತು ಎಂಬುದು ಸರಿಯಾಗಿ ನೆನಪಿಲ್ಲ. ಪಾಠ ಮಾಡುತ್ತಿದ್ದೆ, ಮನಸ್ಸು ಮೈದಾನದಲ್ಲಿರುತ್ತಿತ್ತು. ಒಂದು ಮಧ್ಯಾಹ್ನ ಹಿಂದಿನ ಮೈದಾನದಲ್ಲಿ ಇಬ್ಬರು ಟೇಪು ಹಿಡಿದು ಅಳೆಯುತ್ತಿದ್ದರು. ಬಸ್ ಶೆಡ್ಡಿಗೆ. ಸುಣ್ಣದ ಗೆರೆ ಜಿಗಿತದ ಗುಂಡಿಯ ಮೇಲೆಯೇ ಹಾದು ಹೋಗಿತ್ತು.

ಮರುದಿನ ದೊಡ್ಡಮಾವ ನನ್ನ ಗಂಡನಿಗೆ ಹೇಳಿ ಕಳಿಸಿದರು. "ನಿನ್ನ ಹೆಂಡ್ತೀನ ಅಂಗಡಿಗೆ ಕಳ್ಸು" ಅಷ್ಟೇ. ಬೈಸಿಕೊಳ್ಳುವ ತಯಾರಿಯಲ್ಲೇ ಹೋದೆ. ಗಾದಿಯ ಅಂಚಿನಲ್ಲಿ ಕೂತೆ.

"ನನ್ನ ರೊಕ್ಕ ನಿಮ್ಮ ಮೈದಾನಕ್ಕೆ ಬೇಲಿ ಆಗೇತಂತೆ?"

"ಹಾಗಲ್ಲ ಮಾವಾರೆ..."

"ಹರಿಹರದ ಗಿರಣಿ ಅಕ್ಕ ಫೋನ್ ಮಾಡಿದ್ಲು. ಸೊಸಿಗೆ ಬಜಾರದ ರೀತಿ ಕಲಸ್ಲಿಲ್ಲ ಅಂತ ನನಗೇ ಬೈದ್ಲು." ಅವರು ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ, ಮೀಸೆ ದೊಡ್ಡದು. "ಅದಿರ್ಲಿ. ಹುಡುಗಿ ಕಾಲು ಹೆಂಗೈತೆ?"

ನಾನು ಅವರಿಗೆ ಹೇಳಿರಲಿಲ್ಲ. ಅತ್ತೆ ಹೇಳಿರಬೇಕು.

"ವಿಶ್ರಾಂತಿ ಅಂದಾರೆ. ಅದೇ ನೆಲದ ಮೇಲೆ ಮತ್ತೆ ಜಿಗಿದ್ರೆ ಮೂಳೆ ಮುರೀತೈತೆ ಅಂದಾರೆ."

"ಅವತ್ತೇ ಯಾಕ ಹೇಳ್ಲಿಲ್ಲ?"

"ಮಗಳಿಗೋಸ್ಕರ ಕೇಳಾಕೆ ಬಂದಾಳೆ ಅಂತಾರಲ್ಲ ಮಾವಾರೆ."

"ಮತ್ತೆ ಯಾರಿಗೋಸ್ಕರ ಬಂದಿದ್ದಿ?"

ಉತ್ತರ ಬಾಯಿಯವರೆಗೆ ಬಂದಿತ್ತು, ಎಲ್ಲ ವಿದ್ಯಾರ್ಥಿಗಳಿಗೆ ಎಂದು. ಅದು ಸುಳ್ಳೂ ಅಲ್ಲ. ಆದರೆ ಎಸೆಯುವವರ ಪಂಜರಕ್ಕಾಗಿ ಮಾತ್ರ ಆಗಿದ್ದರೆ ನಾನು ಹೀಗೆ ಊರೆಲ್ಲ ಅಲೆಯುತ್ತಿದ್ದೆನೇ?

ಅವರು ಎದ್ದು ಅಂಗಡಿಯ ಬಾಗಿಲಿಗೆ ಹೋದರು. ಎದುರಿನ ಬಟ್ಟೆ ಅಂಗಡಿಗೆ ಕೇಳುವಂತೆ, ಅಂದರೆ ಇಡೀ ಬೀದಿಗೆ ಕೇಳುವಂತೆ ಕೂಗಿದರು.

"ಏ, ಕೇಳ್ರಪ್ಪಾ ಇಲ್ಲಿ! ನಾ ಅವತ್ತು ಕೊಟ್ಟಿದ್ದು ಕಾಲೇಜಿಗಲ್ಲ. ನಮ್ಮ ಮೊಮ್ಮಗಳ ಕಾಲಿಗೆ, ಔಷಧಿಗೆ. ಮನಿ ಮಗಳಿಗೆ ಕೊಟ್ಟಿದ್ದು ದಾನ ಆಗಲ್ಲ, ಅದನ್ನ ಹಿಡ್ಕೊಂಡು ಕೂಡಬ್ಯಾಡ್ರಿ. ಕಾಲೇಜಿಗೆ ನಂದು ಇನ್ನೂ ಐತೆ. ಕೊನೀಗೆ!"

ಬಟ್ಟೆ ಅಂಗಡಿಯವರು ಹೊರಗೆ ಬಂದು, "ಹಂಗಂತ ಮೊದ್ಲೇ ಹೇಳ್ಬಾರ್ದಾ ಹಿರೇರೆ! ಮೇಡಮ್ಮಾರೆ, ನಮ್ದು ಇನ್ನೊಂದ್ಸಲ ನೋಡಾಣ ಬರ್ರಿ" ಎಂದರು. ಪಾತ್ರೆ ಅಂಗಡಿಯವರ ತಲೆಯೂ ಹೊರಗೆ ಬಂತು. ಒಂದೇ ಕೂಗಿಗೆ ಗೆರೆ ಅಳಿಸಿಹೋಗಿತ್ತು. ನಾನು ಸಂತೋಷಪಡಬೇಕಿತ್ತು. ಗಾದಿಯ ಮೇಲೆ ಬೆವೆತು ಕೂತಿದ್ದೆ. ಇಷ್ಟು ದಿನ ಯಾವುದನ್ನು ಯಾರಿಗೂ ಗೊತ್ತಾಗಬಾರದು ಎಂದು ಹಿಡಿದುಕೊಂಡಿದ್ದೆನೋ ಅದನ್ನೇ ಬೀದಿಯಲ್ಲಿ ಕೂಗಿ ಹೇಳಿ ಅವರು ನಮ್ಮನ್ನು ಉಳಿಸಿದ್ದರು.

ಕಾಲೇಜಿನಲ್ಲಿ ಅವರ ಹೆಸರಿನ ರಸೀದಿ ರದ್ದು ಮಾಡಿಸಬೇಕಾಯಿತು. ಯಾಕೆ ಎಂದು ಕಚೇರಿಯವರಿಗೆ ಹೇಳಬೇಕಾಯಿತು. ಸಂಜೆಯೊಳಗೆ ಸ್ಟಾಫ್ ರೂಮಿಗೆ ಗೊತ್ತಾಯಿತು. "ಮೇಡಂ, ನಿಮ್ಮ ಮಗಳ ಮೈದಾನ ಎಲ್ಲೀವರೆಗೆ ಬಂತ್ರಿ?" ಎಂದರು ಸಹೋದ್ಯೋಗಿಯೊಬ್ಬರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದರಲ್ಲಿ ಕಹಿ ಇತ್ತೇ? ಅವರ ಮುಖ ಎಷ್ಟು ಸಲ ನೆನಪಿಸಿಕೊಂಡರೂ ಒಂದೊಂದು ಸಲ ಒಂದೊಂದು ಥರ ಕಾಣುತ್ತದೆ.

ಮಗಳಿಗೆ ಕ್ಯಾಂಟೀನಿನಲ್ಲಿ ಗೊತ್ತಾಗಿತ್ತು. ಮನೆಗೆ ಬಂದವಳೇ ಬ್ಯಾಗು ಬಿಸಾಕಿದಳು.

"ನನ್ನ ಕಾಲನ್ನ ಒಯ್ದು ಬಜಾರದಾಗ ಇಟ್ರಾ? ಹುಡುಗೀರೆಲ್ಲ ಕೇಳ್ತಾರೆ, ನಿನ್ನ ಗುಂಡ್ಯಾಗ ನಾವು ಜಿಗೀಬಹುದೇನೇ ಅಂತ."

"ನಾನು ಹೇಳಲಿಲ್ಲ ಪುಟ್ಟಾ, ದೊಡ್ಡಜ್ಜ..."

"ನೀನೇ ಮೊದ್ಲೇ ಹೇಳಿದ್ರೆ ಇಷ್ಟು ಆಗ್ತಿರ್ಲಿಲ್ಲ. ನನ್ನ ಮಗಳೂ ಅದಾಳೆ ಅಂತ ಒಂದು ಮಾತು. ಮುಚ್ಚಿಟ್ಟಿದ್ದಕ್ಕೇ ಅದು ಕಳ್ಳತನ ಆದಂಗಾತು."

ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ದಿನಚರಿ ಒಂದೇ ದಿನ ಎನ್ನುತ್ತದೆ.

ಬಜಾರದ ಬೀದಿಯನ್ನು ಎರಡನೇ ಸಲ ಸುತ್ತಿದೆವು. ಈ ಸಲ ನಾನು ಪ್ರತಿ ಅಂಗಡಿಯಲ್ಲೂ ಮೊದಲ ಮಾತಾಗಿ, "ನನ್ನ ಮಗಳೂ ಅಲ್ಲೇ ಜಿಗೀತಾಳೆ" ಎಂದೆ. ಒಬ್ಬರು, "ಗೊತ್ತೈತೆ ಬಿಡ್ರಿ, ಊರಿಗೇ ಗೊತ್ತೈತೆ" ಎಂದರು. ಗಿರಣಿಯ ಶಿಷ್ಯ ಓಟದ ಪಟ್ಟಿ ಒಪ್ಪಿಕೊಂಡ. ಗುತ್ತೂರಿನ ಕಬ್ಬಿಣದ ಕೆಲಸದ ಘಟಕವೊಂದರವರು ಎಸೆತದ ಪಂಜರಕ್ಕೆ ಕಂಬಗಳನ್ನು ತಾವೇ ಮಾಡಿಕೊಡುತ್ತೇವೆ ಎಂದರು. ಎಲ್ಲ ಮುಗಿದ ಮೇಲೆ ಪಿ.ಡಿ. ಸರ್ ಮತ್ತು ನಾನು ಕಾಯಿ, ಹೂವು ಹಿಡಿದು ದೊಡ್ಡಮಾವನ ಅಂಗಡಿಗೆ ಹೋದೆವು. ಅವರು ಕೊಟ್ಟರು, ಎಲ್ಲರಿಗಿಂತ ಒಂದು ಹಿಡಿ ಮೇಲೆ. ತಮ್ಮ ಒಂದೇ ಅಳತೆಯನ್ನು ಅವರು ಮುರಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೊರಡುವಾಗ ತಡೆಯಲಾಗದೆ ಕೇಳಿದೆ, "ಮಾವಾರೆ, ಅವತ್ತು ಈಗ ಕೊಡ್ಲೋ ಆಮ್ಯಾಲೆ ಕೊಡ್ಲೋ ಅಂತ ನನ್ನ ಕೇಳಿದ್ರಲ್ಲ?"

ಅವರು ಕಾಯಿಯನ್ನು ಗಾದಿಯ ಪಕ್ಕಕ್ಕೆ ಇಟ್ಟರು. "ಎಲ್ಲಾರನ್ನೂ ಹಂಗೇ ಕೇಳ್ತೀನವ್ವ. ನಿನ್ನ ಕೇಳಿದ್ನೋ ಇಲ್ಲೋ... ನೆನಪಿಲ್ಲ."

ಬಸ್ ಶೆಡ್ಡಿನ ಮಾತು ಈ ವರ್ಷಕ್ಕೆ ನಿಂತಿದೆ. ಈ ವರ್ಷಕ್ಕೆ ಎಂದೇ ಮಂಡಳಿ ಹೇಳಿರುವುದು. ಹಳೆಯ ಗುಂಡಿಯನ್ನು ಅಗೆದು ಹೊಸ ಮರಳು ಹಾಕಿದರು. ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಬೇಡ, ಚರ್ಮ ಕೀಳುತ್ತದೆ, ಹೊಳೆ ಮರಳೇ ಬೇಕು ಎಂದು ಪಿ.ಡಿ. ಸರ್ ಹಟ ಹಿಡಿದು ಪರವಾನಗಿಯ ಮರಳು ತರಿಸಿ, ಜರಡಿ ಹಿಡಿಸಿ ಹಾಕಿಸಿದರು. ಪಟ್ಟಿಗೆ ಇಟ್ಟಿಗೆ ಬಣ್ಣದ ಹಾಸು ಬಂತು.

ಡಾಕ್ಟರು ಮಗಳಿಗೆ ಜಿಗಿಯಲು ಒಪ್ಪಿಗೆ ಕೊಟ್ಟ ಮೇಲೂ ಅವಳು ಮೊದಲ ದಿನ ಜಿಗಿಯಲಿಲ್ಲ. ಉಳಿದ ಹುಡುಗಿಯರೆಲ್ಲ ಜಿಗಿಯುವವರೆಗೆ ಮರಳು ಸಮ ಮಾಡುವ ಹಲುಬೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಎರಡನೇ ದಿನವೂ ಹಾಗೆಯೇ. ಮೂರನೇ ದಿನವೋ ನಾಲ್ಕನೆಯದೋ, ಸಾಲಿನ ಕೊನೆಗೆ ಹೋಗಿ ನಿಂತಳು. ನಾನು ಸ್ಟಾಫ್ ರೂಮಿನ ಕಿಟಕಿಯಲ್ಲಿದ್ದೆ. ಓಡಿದಳು, ಹಲಗೆ ಮೆಟ್ಟಿದಳು, ಒಂದು, ಎರಡು, ಹಾರಿದಳು. ಆ ಹಳೆಯ ಸದ್ದಿಗಾಗಿ ಕಿವಿ ಬಿಗಿ ಹಿಡಿದು ಕಾದೆ. ಏನೂ ಕೇಳಿಸಲಿಲ್ಲ.

ಎದ್ದು ಮರಳು ಕೊಡವಿಕೊಂಡು ವಾಪಸು ನಡೆದು ಬಂದಳು. ಎಡಗಾಲು ಒಂದು ಕ್ಷಣ ತಡವಾಗಿ ಊರಿದ ಹಾಗೆ ನನಗೆ ಕಂಡಿತು.

ಕೆಳಗೆ ಓಡಿ ಹೋಗಿ ಪಿ.ಡಿ. ಸರ್‌ರನ್ನು ಕೇಳಿದೆ. "ಕುಂಟಲಿಲ್ರಿ ಮೇಡಂ, ಸರಿಯಾಗೇ ನಡದ್ಲು" ಎಂದರು.

ಅವಳನ್ನೇ ಕೇಳಿದೆ. "ನೋವಿಲ್ಲಮ್ಮ" ಎಂದಳು. ಆಮೇಲೆ ಹುಡುಗಿಯರ ಕಡೆ ನೋಡಿ ದನಿ ತಗ್ಗಿಸಿ, "ಈಗ ಮ್ಯಾಲೆ ಹೋಗು" ಎಂದಳು.

ಮೇಲೆ ಬಂದೆ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡೆ. ಅವಳು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಿದ್ದಳು. ಅವಳ ಸರದಿ ಬರುವವರೆಗೂ ಆ ಎಡಗಾಲನ್ನೇ ನೋಡುತ್ತಾ ಕೂತೆ.